ಪಕ್ಕದ ಫ್ಲ್ಯಾಟಿನವರು ದಾರಿಗೆ ಅಡ್ಡ ಹಾಕಿದರೆ ಏನು ಮಾಡೋದು?

ಕಾರಿಡಾರಿನ ಕೊನೆಯ ಫ್ಲ್ಯಾಟಿನವರು ಒಂದು ದಿನ ಗ್ರಿಲ್ ಗೇಟ್ ಹಾಕಿಸುತ್ತಾರೆ. ಕೇಳಿದರೆ "ಸೇಫ್ಟಿಗೆ" ಅಂತಾರೆ. ಆದರೆ ಗೇಟಿನ ಆಚೆ ಅವರ ಬಾಗಿಲಷ್ಟೇ ಅಲ್ಲ, ಹಿಂದಿನ ಮೆಟ್ಟಿಲಿಗೆ ಹೋಗುವ ದಾರಿಯೂ ಇದೆ. ಇನ್ನೊಂದು ಕಡೆ, ಹಿಂದೆ ಮುಂದೆ ಇರುವ ಎರಡು ಸಣ್ಣ ಕಟ್ಟಡಗಳು. ಹಿಂದಿನ ಕಟ್ಟಡದ ಫ್ಲ್ಯಾಟಿನವರೆಲ್ಲ ಮೊದಲಿನಿಂದಲೂ ಮುಂದಿನವರ ಪಕ್ಕದ ಓಣಿಯಲ್ಲೇ ಓಡಾಡಿಕೊಂಡು ಬಂದಿದ್ದಾರೆ. ಈಗ ಮುಂದಿನ ಜಾಗ ಮಾರಾಟವಾಗಿ, ಹೊಸ ಓನರ್ ಬಂದು ಓಣಿಗೆ ಬೀಗ ಜಡಿದಿದ್ದಾರೆ. ಎರಡೂ ಕಡೆ ಕೇಳಿಬರುವ ಮಾತು ಒಂದೇ: "ಇದು ನಮ್ಮ ಜಾಗ, ಕೇಳೋಕೆ ನೀವ್ಯಾರು?"

ನೋಡೋಕೆ ಎರಡೂ ಒಂದೇ ಥರದ ಜಗಳ. ಕಾನೂನಿನ ಲೆಕ್ಕದಲ್ಲಿ ಮಾತ್ರ ಪೂರ್ತಿ ಬೇರೆ ಬೇರೆ. ಯಾರ ಹತ್ತಿರ ಹೋಗಬೇಕು, ಏನು ಸಾಬೀತು ಮಾಡಬೇಕು, ಎಷ್ಟು ಬೇಗ ಓಡಬೇಕು ಅನ್ನೋದೆಲ್ಲ ಬದಲಾಗುತ್ತದೆ. ತಮ್ಮದು ಯಾವ ಥರದ ಜಗಳ ಅಂತ ಗೊತ್ತು ಮಾಡಿಕೊಳ್ಳದೆ ಮೊದಲೇ ಕೂಗಾಡುವವರೇ ಜಾಸ್ತಿ.

ದಾರಿ ಯಾರ ನೆಲದ ಮೇಲಿದೆ?

ಇದು ಮೊದಲ ಪ್ರಶ್ನೆ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ. ಆ ದಾರಿ ನಿಮ್ಮಿಬ್ಬರಿಗೂ ಸೇರಿದ ಜಾಗ ಇರಬಹುದು. ನೆಲ ಅವರದ್ದಾಗಿದ್ದು, ಓಡಾಡುವ ಹಕ್ಕು ನಿಮಗಿರಬಹುದು. ಅಥವಾ ನೆಲವೂ ಅವರದ್ದೇ, ಹಕ್ಕೂ ಅವರದ್ದೇ, ಇಷ್ಟು ದಿನ ಸುಮ್ನೆ ಬಿಟ್ಟುಕೊಂಡಿದ್ದರು ಅಷ್ಟೇ ಅಂತಲೂ ಇರಬಹುದು.

ಉತ್ತರ ಸಿಗೋದು ನಿಮ್ಮ ಕ್ರಯಪತ್ರದಲ್ಲಿ, ಅಂದರೆ ಸೇಲ್ ಡೀಡಿನಲ್ಲಿ. ಅದರ ಮುಂದಿನ ಪುಟಗಳನ್ನೆಲ್ಲ ಬಿಟ್ಟು ಕೊನೆಗೆ ಬನ್ನಿ. ಅಲ್ಲಿ ಷೆಡ್ಯೂಲ್‌ಗಳು ಇರುತ್ತವೆ. ಫ್ಲ್ಯಾಟಿನ ಕ್ರಯಪತ್ರದಲ್ಲಿ ಸಾಮಾನ್ಯವಾಗಿ ಒಂದು ಷೆಡ್ಯೂಲ್ ಇಡೀ ಜಮೀನಿನದ್ದು, ಇನ್ನೊಂದು ಆ ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲಿನದ್ದು, ಮತ್ತೊಂದು ನಿಮ್ಮ ಫ್ಲ್ಯಾಟಿನದ್ದು. ಪ್ರತಿಯೊಂದರ ಕೆಳಗೂ ಚೆಕ್ಕುಬಂದಿ ಬರೆದಿರುತ್ತದೆ: ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ. "ಉತ್ತರಕ್ಕೆ ಸಾಮಾನ್ಯ ಓಣಿ" ಅಂತ ಇದ್ದರೆ ಒಂದು ಕಥೆ. "ಉತ್ತರಕ್ಕೆ ಇಂಥವರ ಸ್ವತ್ತು" ಅಂತ ಇದ್ದರೆ ಬೇರೆಯೇ ಕಥೆ. ಆ ಒಂದು ಸಾಲಿಗೆ ಇಡೀ ಕೇಸನ್ನೇ ತಿರುಗಿಸುವ ಶಕ್ತಿ ಇದೆ.

ನಿಮ್ಮ ಪತ್ರ ಮಾತ್ರ ಓದಿದರೆ ಸಾಲದು. ಪಕ್ಕದವರ ಪತ್ರದಲ್ಲಿ ಏನಿದೆ ಅಂತಲೂ ನೋಡಬೇಕು. ಅವರು ತೋರಿಸದಿದ್ದರೂ ಪರವಾಗಿಲ್ಲ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಜೊತೆಗೆ ಮಂಜೂರಾದ ಪ್ಲಾನಿನ ಪ್ರತಿ ತೆಗೆಸಿ. ಗೇಟ್ ಹಾಕಿದ ಜಾಗ ಪ್ಲಾನಿನಲ್ಲಿ ಕಾರಿಡಾರ್ ಅಂತ ಇದೆಯಾ ಅಥವಾ ಫ್ಲ್ಯಾಟಿನ ಒಳಗೇ ಸೇರಿದೆಯಾ ಅನ್ನೋದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ಎಚ್ಚರಿಕೆ: ಎರಡು ಕಟ್ಟಡಗಳ ಮಧ್ಯೆ ಖಾಲಿ ಜಾಗ ಇದೆ ಅಂದ ಮಾತ್ರಕ್ಕೆ ಅದು ದಾರಿ ಆಗೋದಿಲ್ಲ. ಗಾಳಿ ಬೆಳಕಿಗೆ ಅಂತ ನಿಯಮದ ಪ್ರಕಾರ ಬಿಟ್ಟ ಸೆಟ್‌ಬ್ಯಾಕ್ ಇರಬಹುದು. ಅಲ್ಲಿ ಅವರು ಏನನ್ನೂ ಕಟ್ಟುವ ಹಾಗಿಲ್ಲ ಅನ್ನೋದು ನಿಜ, ಆದರೆ ಅದರಿಂದಲೇ ನಿಮಗೆ ಓಡಾಡುವ ಹಕ್ಕು ಹುಟ್ಟೋದಿಲ್ಲ.

ಕಾರಿಡಾರ್ ಎಲ್ಲರದ್ದೂ ಆಗಿದ್ದರೆ

ಒಂದೇ ಅಪಾರ್ಟ್‌ಮೆಂಟಿನ ಒಳಗಿನ ಜಗಳವಾದರೆ ನಿಮ್ಮ ಕೈ ಸಾಕಷ್ಟು ಗಟ್ಟಿ ಇರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮೆಟ್ಟಿಲು, ಲಾಬಿ, ಕಾರಿಡಾರ್, ಒಳಬರುವ ಹೊರಹೋಗುವ ದಾರಿಗಳನ್ನು ಸಾಮಾನ್ಯ ಪ್ರದೇಶ ಅಂತಲೇ ಕರೆಯುತ್ತದೆ. ಬಿಲ್ಡರುಗಳ ಪ್ರಾಜೆಕ್ಟುಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ವ್ಯಾಖ್ಯೆಯಲ್ಲೂ ಮೆಟ್ಟಿಲು, ಲಾಬಿ, ಒಳಬರುವ ಹೊರಹೋಗುವ ದಾರಿಗಳು ಇವೆ. ಈ ಜಾಗದಲ್ಲಿ ಪ್ರತಿ ಫ್ಲ್ಯಾಟಿನ ಮಾಲೀಕರಿಗೂ ಪಾಲಿದೆ. ಆದರೆ ಆ ಪಾಲನ್ನು ಗೆರೆ ಎಳೆದು ತೋರಿಸೋಕೆ ಬರೋದಿಲ್ಲ. "ನನ್ನ ಬಾಗಿಲ ಮುಂದಿನ ಆರು ಅಡಿ ನನ್ನದು" ಅನ್ನೋ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದರೆ ಸೀಟು ಸ್ವಂತದ್ದಾಗುತ್ತದಾ? ಶೂ ರ‍್ಯಾಕ್ ಇಟ್ಟರೂ ಅಷ್ಟೇ, ಗ್ರಿಲ್ ಹಾಕಿದರೂ ಅಷ್ಟೇ.

ಅಪಾರ್ಟ್‌ಮೆಂಟ್ ಕಾಯ್ದೆ ಹೇಳೋದು ಇಷ್ಟು: ಸಾಮಾನ್ಯ ಜಾಗವನ್ನು ಅದು ಯಾವುದಕ್ಕೆ ಅಂತ ಇದೆಯೋ ಅದಕ್ಕೇ ಎಲ್ಲರೂ ಬಳಸಬಹುದು, ಬೇರೆಯವರ ಹಕ್ಕಿಗೆ ಅಡ್ಡಿ ಮಾಡದೆ. ಬೈಲಾ, ಅಂದರೆ ಅಸೋಸಿಯೇಷನ್ನಿನ ನಿಯಮಾವಳಿ, ಮೀರಿದವರ ಮೇಲೆ ಅಸೋಸಿಯೇಷನ್ ದಾವೆ ಹೂಡಬಹುದು, ಸಂದರ್ಭ ನೋಡಿಕೊಂಡು ತೊಂದರೆಯಾದ ಮಾಲೀಕರೂ ಹೂಡಬಹುದು. ಆದ್ದರಿಂದ ಕ್ರಯಪತ್ರದ ಜೊತೆ ಇನ್ನೆರಡು ಕಾಗದ ಹುಡುಕಿ: ನೋಂದಣಿಯಾದ ಡೀಡ್ ಆಫ್ ಡಿಕ್ಲರೇಶನ್ ಮತ್ತು ಬೈಲಾ. ಯಾವುದು ಸಾಮಾನ್ಯ ಜಾಗ, ಯಾವುದು ಕೆಲವೇ ಫ್ಲ್ಯಾಟುಗಳಿಗೆ ಮೀಸಲಾದ ಜಾಗ ಅಂತ ಡಿಕ್ಲರೇಶನ್‌ನಲ್ಲಿ ಬರೆದಿರುತ್ತದೆ. ಈ ಮೀಸಲು ಜಾಗದ ಸಾಲನ್ನು ತೋರಿಸಿ ಪಕ್ಕದವರು ವಾದ ಮಾಡಬಹುದು, ಹಾಗಾಗಿ ಮೊದಲೇ ಓದಿಕೊಳ್ಳಿ.

ದಾರಿ ಮೆಟ್ಟಿಲಿಗೆ ಅಥವಾ ತುರ್ತು ನಿರ್ಗಮನಕ್ಕೆ ಹೋಗುವಂಥದ್ದಾದರೆ ಇನ್ನೊಂದು ದೊಡ್ಡ ವಿಷಯ ಸೇರಿಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಗೆ ಓಡುವ ದಾರಿಯಲ್ಲಿ ಯಾವ ಅಡ್ಡಿಯೂ ಇರಬಾರದು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಇಲ್ಲಿ ಅಸೋಸಿಯೇಷನ್ "ನೀವಿಬ್ಬರೇ ಬಗೆಹರಿಸಿಕೊಳ್ಳಿ" ಅಂತ ಕೈ ತೊಳೆದುಕೊಳ್ಳೋಕೆ ಆಗೋದಿಲ್ಲ. ಇದು ಇಬ್ಬರ ಜಗಳವಲ್ಲ, ಇಡೀ ಮಹಡಿಯವರ ಜೀವದ ಪ್ರಶ್ನೆ. ಅಗ್ನಿಶಾಮಕ ಇಲಾಖೆಗೂ ಪಾಲಿಕೆಗೂ ಲಿಖಿತ ದೂರು ಕೊಡಬಹುದು.

ನೆಲ ಅವರದ್ದು, ಓಡಾಡುವ ಹಕ್ಕು ನಿಮ್ಮದು

ಈಗ ಎರಡನೇ ಥರ. ಓಣಿ ಪಕ್ಕದ ಕಟ್ಟಡದವರ ಸ್ವಂತ ನೆಲ. ಆದರೂ ನಿಮ್ಮ ಮನೆಗೆ ಹೋಗಿ ಬರೋಕೆ ಅದರ ಮೇಲೆ ನಡೆಯುವ ಹಕ್ಕು ನಿಮಗಿರಬಹುದು. ಕಾನೂನು ಇದನ್ನು ಈಸ್‌ಮೆಂಟ್ ಅನ್ನುತ್ತದೆ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ ಇದಕ್ಕೆ ಮೂಲ. ನೆನಪಿಡಬೇಕಾದ ವಿಷಯ ಅಂದರೆ ಈ ಹಕ್ಕು ಮನುಷ್ಯರಿಗಲ್ಲ, ಆಸ್ತಿಗೆ ಅಂಟಿಕೊಂಡಿರುತ್ತದೆ. ಫ್ಲ್ಯಾಟ್ ಮಾರಿದರೆ ಹಕ್ಕೂ ಅದರ ಜೊತೆ ಕೊಂಡವರಿಗೆ ಹೋಗುತ್ತದೆ. ಅದೇ ರೀತಿ ಓಣಿಯ ಜಾಗ ಕೊಂಡ ಹೊಸ ಓನರ್ "ಹಳಬರು ಬಿಟ್ಟಿದ್ದರೆ ಅವರನ್ನೇ ಕೇಳಿ" ಅಂದರೆ ಅದು ನಡೆಯೋದಿಲ್ಲ.

ಈ ಹಕ್ಕು ಬರುವ ದಾರಿಗಳಲ್ಲಿ ಮುಖ್ಯವಾದವು ಮೂರು. ಎಲ್ಲಕ್ಕಿಂತ ಸುಲಭದ್ದು ಕಾಗದದಿಂದ ಬಂದ ಹಕ್ಕು. ಹಿಂದೆ ಯಾವಾಗಲೋ ಜಾಗ ಮಾರುವಾಗ ಅಥವಾ ಭಾಗ ಮಾಡುವಾಗ "ಉತ್ತರದ 4 ಅಡಿ ಓಣಿಯಲ್ಲಿ ಓಡಾಡುವ ಹಕ್ಕು ಸಹಿತ" ಅಂತ ಬರೆದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹೀಗೆ ಕೊಟ್ಟ ಹಕ್ಕು, ನಿಮಗೆ ಬೇರೆ ದಾರಿ ಸಿಕ್ಕಿತು ಅನ್ನೋ ಕಾರಣಕ್ಕೆ ಮುಗಿದುಹೋಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಸ್ಪಷ್ಟಪಡಿಸಿದೆ.

ಎರಡನೆಯದು ಅನಿವಾರ್ಯತೆಯಿಂದ ಬರುವ ಹಕ್ಕು. ಒಬ್ಬರ ಕೈಯಲ್ಲೇ ಇದ್ದ ಆಸ್ತಿ ಮಾರಾಟದಿಂದಲೋ ವಿಭಾಗದಿಂದಲೋ ಎರಡಾಗಿ, ಒಂದು ಭಾಗಕ್ಕೆ ಇನ್ನೊಂದನ್ನು ದಾಟದೆ ಹೋಗೋಕೇ ಆಗದಿದ್ದರೆ, ಕಾಗದದಲ್ಲಿ ಬರೆಯದಿದ್ದರೂ ದಾರಿ ಕೊಡಲೇಬೇಕು. ಅಪ್ಪ ಕಟ್ಟಿಸಿದ ಎರಡು ಮಹಡಿಯ ಮನೆಯನ್ನು ಅಣ್ಣ ತಮ್ಮ ಹಂಚಿಕೊಂಡು, ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು ಕೆಳಗಿನವರ ಪಾಲಿಗೆ ಬಿದ್ದಿದೆ ಅಂದುಕೊಳ್ಳಿ. ಮೇಲಿನವರು ಹಾರಿ ಹೋಗೋಕಾಗಲ್ಲ ಅಲ್ವಾ? ಆದರೆ ಇಲ್ಲಿ ಅಳತೆಗೋಲು ಬಿಗಿ. ಬೇರೆ ದಾರಿ ಸುತ್ತು ಬಳಸು ಅನ್ನೋದು ಸಾಲದು, ಬೇರೆ ದಾರಿಯೇ ಇಲ್ಲ ಅಂತಿರಬೇಕು. ಮುಂದೆ ಇನ್ನೊಂದು ದಾರಿ ಆದರೆ, ಈ ಹಕ್ಕು ಅಲ್ಲಿಗೆ ನಿಲ್ಲುತ್ತದೆ.

ಮೂರನೆಯದು ಬಹುಕಾಲದ ಬಳಕೆಯಿಂದ ಬರುವ ಹಕ್ಕು. ಜನ ಅತಿ ಹೆಚ್ಚು ಮಾತಾಡೋದು ಇದರ ಬಗ್ಗೆ, ಅತಿ ಹೆಚ್ಚು ತಪ್ಪು ತಿಳಿಯೋದೂ ಇದನ್ನೇ. 20 ವರ್ಷ ಓಡಾಡಿದರೆ ಹಕ್ಕು ಬರುತ್ತದೆ ಅನ್ನೋದು ಅರ್ಧ ಸತ್ಯ. ಆ 20 ವರ್ಷವೂ ಗಲಾಟೆ ಇಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಮಧ್ಯೆ ನಿಲ್ಲದೆ, ಮತ್ತು "ಇದು ನನ್ನ ಹಕ್ಕು" ಅನ್ನುವ ರೀತಿಯಲ್ಲಿ ಬಳಸಿರಬೇಕು. ಜಾಗ ಸರ್ಕಾರದ್ದಾದರೆ 30 ವರ್ಷ. ಇನ್ನೂ ಮುಖ್ಯವಾದದ್ದು: ಆ ಅವಧಿ ನೀವು ದಾವೆ ಹೂಡುವ ಹಿಂದಿನ 2 ವರ್ಷದ ಒಳಗೆ ಮುಗಿದಿರಬೇಕು. ಅಂದರೆ 30 ವರ್ಷ ಓಡಾಡಿ, ಐದು ವರ್ಷದ ಹಿಂದೆ ಬೀಗ ಬಿದ್ದು, ಅವತ್ತಿನಿಂದ ಸುಮ್ನೆ ಕೂತಿದ್ದರೆ, ಹಳೆಯ 30 ವರ್ಷ ಕೈ ಹಿಡಿಯೋದು ಕಷ್ಟ. ಅಡ್ಡಿ ಬಂದದ್ದು ಗೊತ್ತಾದ ಮೇಲೆ 1 ವರ್ಷ ಒಪ್ಪಿಕೊಂಡು ಸುಮ್ಮನಿದ್ದರೆ ಮಾತ್ರ ಕಾಯ್ದೆ ಅದನ್ನು "ಬಳಕೆ ನಿಂತಿತು" ಅಂತ ಲೆಕ್ಕ ಹಿಡಿಯುತ್ತದೆ. ಅದಕ್ಕೇ ಅಡ್ಡಿ ಬಂದ ವಾರದಲ್ಲೇ ಒಂದು ಲಿಖಿತ ಆಕ್ಷೇಪ ಕೊಡಬೇಕು ಅನ್ನೋದು.

ಸ್ವಂತ ಜಾಗದ ಮೇಲೆ ಯಾರಿಗೂ ಈಸ್‌ಮೆಂಟ್ ಇರೋದಿಲ್ಲ, ಅದು ಬೇರೆಯವರ ಜಾಗದ ಮೇಲಿನ ಹಕ್ಕು. ಹಾಗಾಗಿ "ಓಣಿ ನಮ್ಮದೇ, ಜೊತೆಗೆ 20 ವರ್ಷ ಬಳಸಿದ ಹಕ್ಕೂ ಇದೆ" ಅಂತ ಒಂದೇ ಉಸಿರಿನಲ್ಲಿ ಹೇಳಿದರೆ ಎದುರು ಪಕ್ಷದ ವಕೀಲರಿಗೆ ಹಬ್ಬ.

ಅನುಮತಿ ಬೇರೆ, ಹಕ್ಕು ಬೇರೆ

"ಅಂಕಲ್, ನಿಮ್ಮ ಕಾಂಪೌಂಡಲ್ಲಿ ಹೋಗ್ಲಾ?" ಅಂತ ಕೇಳಿ, "ಹೋಗಪ್ಪ, ಅದಕ್ಕೇನು" ಅಂತ ಅವರು ಅಂದಿದ್ದರೆ, ಅದು ಅನುಮತಿ. ಹೀಗೆ ಕೇಳಿಕೊಂಡು 40 ವರ್ಷ ಓಡಾಡಿದರೂ ಅದು ಹಕ್ಕಾಗಿ ಬದಲಾಗೋದಿಲ್ಲ. ಕೊಟ್ಟವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳಬಹುದು. ಆ ಅನುಮತಿಯನ್ನು ನಂಬಿ ನೀವು ಖರ್ಚು ಮಾಡಿ ಅಲ್ಲಿ ಕಾಯಂ ಕೆಲಸ ಏನಾದರೂ ಮಾಡಿಸಿದ್ದರೆ ಮಾತ್ರ ವಿಷಯ ಸ್ವಲ್ಪ ಬೇರೆ.

ಪಕ್ಕದವರ ಅತಿ ದೊಡ್ಡ ಅಸ್ತ್ರ ಇದೇ. "ನಾವೇ ಪಾಪ ಅಂತ ಬಿಟ್ಟಿದ್ವಿ" ಅಂತಾರೆ. ಇದಕ್ಕೆ ಉತ್ತರ ಬೇಕು ಅಂದರೆ ಹಳೆಯ ವಾಟ್ಸ್ಯಾಪ್ ಮೆಸೇಜು, ಪತ್ರಗಳನ್ನು ಒಮ್ಮೆ ತಿರುವಿ ನೋಡಿ. "ದಯವಿಟ್ಟು ದಾರಿ ಬಿಡಿ" ಅಂತ ನೀವೇ ಬೇಡಿಕೊಂಡ ಮೆಸೇಜ್ ಇದ್ದರೆ, ಅದನ್ನು ಅವರು ತೋರಿಸೋದು ಖಂಡಿತ.

ಎಷ್ಟು ಅಡ್ಡಿಯಾದರೆ ಅಡ್ಡಿ?

ದಾರಿಯ ಮೇಲೆ ಒಂದು ಹೂಕುಂಡ ಇಟ್ಟ ಮಾತ್ರಕ್ಕೆ ಕೋರ್ಟು ನಿಮ್ಮ ಪರ ನಿಲ್ಲೋದಿಲ್ಲ. ನಿಮ್ಮ ಬಳಕೆಗೆ ಗಣನೀಯವಾಗಿ ತೊಂದರೆ ಆಗಿದೆಯಾ ಅನ್ನೋದು ಮುಖ್ಯ. ಗೇಟ್ ಇದೆ, ಬೀಗ ಇಲ್ಲ, ಯಾವಾಗ ಬೇಕಾದರೂ ತೆಗೆದುಕೊಂಡು ಹೋಗಬಹುದು ಅಂದರೆ ನಿಮ್ಮ ವಾದ ದುರ್ಬಲ. ರಾತ್ರಿ ಹತ್ತಕ್ಕೆ ಬೀಗ ಹಾಕಿ ಕೀ ಕೊಡೋದಿಲ್ಲ ಅಂದರೆ ಗಟ್ಟಿ. 4 ಅಡಿ ಓಣಿಯಲ್ಲಿ ಎರಡು ಸ್ಕೂಟರ್ ನಿಲ್ಲಿಸಿ, ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಮಾತ್ರ ಬಿಟ್ಟರೆ ಅದೂ ಅಡ್ಡಿಯೇ. ವೀಲ್‌ಚೇರ್ ಹೋಗುತ್ತದಾ, ಸ್ಟ್ರೆಚರ್ ಹೋಗುತ್ತದಾ ಅಂತ ಅಳತೆ ಸಮೇತ ತೋರಿಸಿ.

ಇದರ ಇನ್ನೊಂದು ಮುಖವೂ ಇದೆ. ನಡೆಯುವ ಹಕ್ಕು ಇದ್ದರೆ ಅಲ್ಲಿ ಗಾಡಿ ನಿಲ್ಲಿಸುವ ಹಕ್ಕು ಬರೋದಿಲ್ಲ. ಹಕ್ಕು ಇರುವವರು ನೆಲದ ಮಾಲೀಕರಿಗೆ ಆದಷ್ಟು ಕಡಿಮೆ ತೊಂದರೆ ಆಗುವ ಹಾಗೆ ಅದನ್ನು ಬಳಸಬೇಕು ಅಂತ ಈಸ್‌ಮೆಂಟ್ಸ್ ಕಾಯ್ದೆಯೇ ಹೇಳುತ್ತದೆ. ದಾರಿ ನೆಟ್ಟಗೆ ಇಟ್ಟುಕೊಳ್ಳುವ ಖರ್ಚೂ ಸಾಮಾನ್ಯವಾಗಿ ಬಳಸುವವರದ್ದೇ.

ನಾವೇ ಕಿತ್ತು ಹಾಕಿದರೆ?

ಬೇಡ. ಈಸ್‌ಮೆಂಟ್ಸ್ ಕಾಯ್ದೆಯ 36ನೇ ಕಲಂ ಇದಕ್ಕೇ ಇದೆ: ಅಡ್ಡಿ ತಪ್ಪೇ ಆಗಿದ್ದರೂ, ಹಕ್ಕು ಇರುವವರು ಅದನ್ನು ತಾವೇ ತೆಗೆದುಹಾಕುವ ಹಾಗಿಲ್ಲ. ವೆಲ್ಡಿಂಗ್‌ನವರನ್ನು ಕರೆಸಿ ಗ್ರಿಲ್ ಕತ್ತರಿಸಿದರೆ ಅವತ್ತಿನವರೆಗೆ ಸರಿ ಇದ್ದ ನೀವು ಮರುದಿನ ಆಸ್ತಿ ಹಾಳು ಮಾಡಿದ ಆರೋಪಿ ಆಗಿ ನಿಂತಿರುತ್ತೀರಿ. ಬೀಗ ಒಡೆದ ವಿಡಿಯೋ ಅವರ ಹತ್ತಿರ ಇರುತ್ತದೆ. ದಾರಿ ಮುಚ್ಚಿದ ವಿಡಿಯೋ ನಿಮ್ಮ ಹತ್ತಿರ ಇರೋದಿಲ್ಲ.

ಪೊಲೀಸರು "ಸಿವಿಲ್ ಮ್ಯಾಟರ್" ಅನ್ನೋದು ಯಾಕೆ?

ಠಾಣೆಗೆ ಹೋದವರಿಗೆ ಈ ಮಾತು ಕೇಳಿ ಸಿಟ್ಟು ಬರುತ್ತದೆ. ಆದರೆ ಅದಕ್ಕೊಂದು ಕಾರಣ ಇದೆ. ಹೋಗುವ ಹಕ್ಕಿರುವ ಕಡೆ ಹೋಗದಂತೆ ಒಬ್ಬರನ್ನು ಬೇಕೆಂದೇ ತಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಪ್ರಕಾರ ಅಪರಾಧ. ಒಂದು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದೇ ಕಲಮಿನ ಕೆಳಗೆ ಒಂದು ವಿನಾಯಿತಿ ಇದೆ: ಖಾಸಗಿ ದಾರಿಯನ್ನು ತಡೆಯುವ ಹಕ್ಕು ತನಗಿದೆ ಅಂತ ಪ್ರಾಮಾಣಿಕವಾಗಿ ನಂಬಿ ತಡೆದರೆ ಅಪರಾಧವಲ್ಲ. ದಾರಿ ಯಾರದ್ದು ಅನ್ನೋದೇ ತಕರಾರು ಆಗಿರುವಾಗ ಪೊಲೀಸರು ಅದನ್ನು ತೀರ್ಮಾನ ಮಾಡೋಕೆ ಆಗಲ್ಲ.

ಹಾಗಂತ ಠಾಣೆಗೆ ಹೋಗೋದು ಪೂರ್ತಿ ವ್ಯರ್ಥ ಅಂತಲ್ಲ. ಹಲ್ಲೆ, ಬೆದರಿಕೆ, ಹೆಂಗಸರನ್ನು ವಯಸ್ಸಾದವರನ್ನು ಅಡ್ಡಗಟ್ಟಿ ನಿಲ್ಲಿಸೋದು ನಡೆದರೆ ಖಂಡಿತ ದೂರು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಜಗಳ ಕೈ ಮೀರಿ ಶಾಂತಿಭಂಗ ಆಗುವ ಮಟ್ಟಕ್ಕೆ ಹೋದರೆ, ಜಾಗದ ಬಳಕೆಯ ತಕರಾರಿನಲ್ಲಿ ತಾತ್ಕಾಲಿಕ ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ಇದೆ.

ಮೊದಲ ಪತ್ರ

ಎಲ್ಲದಕ್ಕಿಂತ ಮೊದಲು ಮಾತಾಡಿ, ಆಮೇಲೆ ಬರೆಯಿರಿ. ಮಾತಾಡುವಾಗ ಅವರಿಗೆ ನಿಜವಾಗಿ ಏನು ಬೇಕು ಅಂತ ಕೇಳಿ. ಎಷ್ಟೋ ಸಲ ಗೇಟಿನ ಹಿಂದೆ ಇರೋದು ಕಳ್ಳರ ಭಯ, ಚಪ್ಪಲಿ ಕಾಣೆಯಾದ ಬೇಜಾರು, ಅಥವಾ ನಿಮ್ಮ ಮನೆಗೆ ಬಂದವರು ರಾತ್ರಿ ಬೈಕ್ ಅಲ್ಲಿ ನಿಲ್ಲಿಸಿದ ಸಿಟ್ಟು.

ಪತ್ರ ಸಣ್ಣದಾಗಿರಲಿ. ಯಾವ ದಾರಿ, ಎಷ್ಟು ಅಗಲ, ಯಾವ ತಾರೀಖಿನಿಂದ ಏನು ಅಡ್ಡ ಬಂದಿದೆ, ನಿಮ್ಮ ಹಕ್ಕು ಯಾವ ಕಾಗದದ ಯಾವ ಸಾಲಿನಿಂದ ಬಂದಿದೆ, ಎಷ್ಟು ದಿನದಲ್ಲಿ ತೆಗೆಯಬೇಕು. ಇಷ್ಟೇ. "ನಿಮ್ಮ ಮಗ ಮೊನ್ನೆ ಹಾಗಂದ" ಅನ್ನೋದು ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನ ಒಳಗಿನದ್ದಾದರೆ ಒಂದು ಪ್ರತಿ ಅಸೋಸಿಯೇಷನ್‌ಗೆ ಕೊಟ್ಟು, ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಾಗುವ ಹಾಗೆ ನೋಡಿಕೊಳ್ಳಿ.

ಇದರ ಜೊತೆಗೇ ಸಾಕ್ಷಿ ಕೂಡಿಸಿ. ಅಡ್ಡಿಯ ಫೋಟೋದಲ್ಲಿ ಅಳತೆಯ ಟೇಪ್ ಕಾಣಲಿ. ದಾರಿ ತೆರೆದಿದ್ದಾಗಿನ ಹಳೆಯ ಫೋಟೋ ಹುಡುಕಿ. ಗೃಹಪ್ರವೇಶದ ಆಲ್ಬಮ್ಮಿನಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೋಗಳ ಹಿನ್ನೆಲೆಯಲ್ಲಿ ಓಣಿ ಕಾಣಿಸಿಕೊಂಡಿರಬಹುದು. ಹಾಲು ಹಾಕುವವರು, ಪೇಪರ್ ಹಾಕುವವರು, ಹಳೆಯ ಬಾಡಿಗೆದಾರರು ಒಳ್ಳೆಯ ಸಾಕ್ಷಿಗಳು. ಬಳಕೆಯ ಹಕ್ಕು ಕೇಳುವವರು ಯಾವಾಗಿನಿಂದ, ಹೇಗೆ ಬಳಸಿದ್ದೇವೆ ಅಂತ ನಿಖರವಾಗಿ ತೋರಿಸಬೇಕು ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ತಾತನ ಕಾಲದಿಂದ" ಅಂದರೆ ಸಾಲದು.

ಕೋರ್ಟಿಗೆ ಹೋದರೆ ಏನಾಗುತ್ತದೆ?

ಸಿವಿಲ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಮೂರು ವಿಷಯ ಕೇಳುತ್ತಾರೆ: ನಮಗೆ ಹಕ್ಕಿದೆ ಅಂತ ಘೋಷಿಸಿ, ಹಾಕಿರುವ ಅಡ್ಡಿ ತೆಗೆಸಿ, ಮುಂದೆ ಅಡ್ಡಿ ಮಾಡದಂತೆ ಶಾಶ್ವತ ತಡೆಯಾಜ್ಞೆ ಕೊಡಿ. ಕೇಸ್ ಮುಗಿಯೋಕೆ ವರ್ಷಗಟ್ಟಲೆ ಹಿಡಿಯಬಹುದು. ಆದ್ದರಿಂದ ನಿಜವಾದ ಹೋರಾಟ ನಡೆಯೋದು ಮೊದಲಿನ ತಾತ್ಕಾಲಿಕ ತಡೆಯಾಜ್ಞೆಯ ಮೇಲೆ. ಅದಕ್ಕೆ ಜಡ್ಜ್ ಮೂರು ವಿಷಯ ನೋಡುತ್ತಾರೆ. ಮೇಲುನೋಟಕ್ಕೆ ನಿಮ್ಮ ಕೇಸಿನಲ್ಲಿ ಹುರುಳಿದೆಯಾ, ಆದೇಶ ಕೊಟ್ಟರೆ ಯಾರಿಗೆ ಜಾಸ್ತಿ ತೊಂದರೆ ಕೊಡದಿದ್ದರೆ ಯಾರಿಗೆ ಜಾಸ್ತಿ, ಮತ್ತು ಈಗ ತಡೆಯದಿದ್ದರೆ ಮುಂದೆ ದುಡ್ಡಿನಿಂದ ತುಂಬಲಾಗದ ನಷ್ಟ ಆಗುತ್ತದಾ. ಎಂಟು ತಿಂಗಳು ಸುಮ್ಮನಿದ್ದು ಆಮೇಲೆ "ತುರ್ತು" ಅಂತ ಹೋದರೆ ಜಡ್ಜ್ ಕೇಳುವ ಮೊದಲ ಪ್ರಶ್ನೆ ಏನಿರುತ್ತದೆ ಅಂತ ಊಹಿಸಬಹುದು. ಹಾಕಿಯಾಗಿರುವ ಗೋಡೆಯನ್ನು ಕೇಸ್ ಮುಗಿಯುವ ಮೊದಲೇ ಕೆಡವಿಸೋದು ಇನ್ನೂ ಕಷ್ಟ. ಕೆಲಸ ನಡೆಯುತ್ತಿರುವಾಗಲೇ ಹೋಗೋದು ಲೇಸು.

ಸ್ಥಳ ನೋಡಿ ಅಳೆದು ವರದಿ ಕೊಡೋಕೆ ಕೋರ್ಟು ಒಬ್ಬ ಕಮಿಷನರನ್ನು ನೇಮಿಸಬಹುದು. ದಾರಿಯ ಕೇಸುಗಳಲ್ಲಿ ಈ ವರದಿಗೆ ತೂಕ ಜಾಸ್ತಿ, ಅದಕ್ಕೇ ವಕೀಲರ ಹತ್ತಿರ ಇದನ್ನು ಮೊದಲೇ ಮಾತಾಡಿ. ತಡೆಯಾಜ್ಞೆ ಮೀರಿದವರ ಆಸ್ತಿ ಜಪ್ತಿ ಮಾಡುವ, 3 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಅವರೇ ಮೊದಲು ಕೋರ್ಟಿಗೆ ಹೋಗಬಹುದು ಅನ್ನುವ ಅನುಮಾನ ಇದ್ದರೆ ನೀವು ಕೇವಿಯಟ್ ಹಾಕಬಹುದು. ಅದು 90 ದಿನ ಜಾರಿಯಲ್ಲಿರುತ್ತದೆ, ನಿಮ್ಮ ಮಾತು ಕೇಳದೆ ಅವರಿಗೆ ಆದೇಶ ಸಿಗೋದು ತಪ್ಪುತ್ತದೆ.

ಬಾಡಿಗೆಗೆ ಇರುವವರಾದರೆ ಮನೆ ಓನರನ್ನು ಜೊತೆಗೆ ಇಟ್ಟುಕೊಳ್ಳಿ. ಓಡಾಡುವ ತೊಂದರೆ ನಿಮ್ಮದಾದರೂ ಹಕ್ಕಿನ ಕಾಗದ ಅವರದ್ದು.

ರಾಜಿ ಆದರೆ ಬರೆದುಕೊಳ್ಳೋದು ಹೇಗೆ?

ಇಂಥ ಜಗಳಕ್ಕೆ ಮಧ್ಯಸ್ಥಿಕೆ ಚೆನ್ನಾಗಿ ಹೊಂದುತ್ತದೆ, ಯಾಕಂದರೆ ಗೆದ್ದ ಮೇಲೂ ಇಬ್ಬರೂ ಅದೇ ಮೆಟ್ಟಿಲು ಹತ್ತಬೇಕು. ಕೋರ್ಟಿನ ಮೂಲಕ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬಹುದು. ಲೋಕ ಅದಾಲತ್ತಿಗೂ ಹೋಗಬಹುದು, ಕೇಸ್ ಹಾಕುವ ಮೊದಲೇ ಕೂಡ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ.

ರಾಜಿಯ ಮಾತುಗಳು ಎಷ್ಟು ವಿವರವಾಗಿದ್ದರೆ ಅಷ್ಟು ಒಳ್ಳೆಯದು. "ದಾರಿ ಬಿಡಲು ಒಪ್ಪಿದ್ದಾರೆ" ಅಂತ ಬರೆದರೆ ಮೂರು ತಿಂಗಳಲ್ಲಿ ಮತ್ತೆ ಜಗಳ. ಅಗಲ ಎಷ್ಟು ಅಡಿ, ಎಲ್ಲಿಂದ ಎಲ್ಲಿವರೆಗೆ, ನಡೆಯೋಕೆ ಮಾತ್ರವಾ ಗಾಡಿಗೂನಾ, ಗೇಟ್ ಇರುತ್ತದಾ, ಇದ್ದರೆ ಕೀ ಎಷ್ಟು ಜನಕ್ಕೆ, ಲೈಟಿನ ಬಿಲ್ಲು ಮತ್ತು ರಿಪೇರಿ ಯಾರದ್ದು, ಮನೆಗೆ ಸಾಮಾನು ಬಂದಾಗ ಲಾರಿ ಎಲ್ಲಿ ನಿಲ್ಲಬೇಕು. ಒಂದು ನಕ್ಷೆ ಲಗತ್ತಿಸಿ, ದಾರಿಯನ್ನು ಅದರಲ್ಲಿ ಬಣ್ಣ ಹಚ್ಚಿ ಗುರುತಿಸಿ, ಇಬ್ಬರೂ ಅದರ ಮೇಲೂ ಸಹಿ ಹಾಕಿ. ಹೊಸದಾಗಿ ದಾರಿಯ ಹಕ್ಕು ಕೊಡುತ್ತಿದ್ದರೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನಾಳೆ ಯಾರಾದರೂ ಆ ಫ್ಲ್ಯಾಟ್ ಕೊಳ್ಳುವ ಮುಂಚೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಅದರಲ್ಲಿ ಈ ಪತ್ರವೂ ಸಿಗುತ್ತದೆ, "ನಮಗೆ ಯಾರೂ ಹೇಳಲೇ ಇಲ್ಲ" ಅನ್ನೋಕೆ ಅವರಿಗೆ ಆಗೋದಿಲ್ಲ.